ಪಡುಗೋಡೆಯಿಂದ ಮೂರಡಿ

ನಮ್ಮ ಮನೆಯ ನಡುಮನೆ ಉದ್ದಕ್ಕೆ ಹನ್ನೊಂದು ಅಡಿ, ಅಗಲಕ್ಕೆ ಒಂಬತ್ತು. ಉದ್ದ ಅಂದರೆ ಬೀದಿ ಬಾಗಿಲಿನಿಂದ ಎದುರಿನ ಪಡುವಣ ಗೋಡೆಯವರೆಗೆ. ನಮ್ಮೂರಿಗೆ ಹೆಣ್ಣು ಕೊಡುವವರು ಮೊದಲು ಕೇಳುವುದೇ ಇದನ್ನು, ನಿಮ್ಮದು ಎಷ್ಟಡಿ ಮನೆ ಎಂದು. ಹುಡುಗ ಹೇಗೆ, ಕೆಲಸ ಏನು ಎಂಬುದೆಲ್ಲ ಆಮೇಲಿನ ಮಾತು. ಪಡುಗೋಡೆಗಳು ನಾವು ಆಡಿದ್ದನ್ನು ವಾಪಸು ಕೊಡುತ್ತವೆ, ಅಡಿಗೆ ಒಂದು ದಿನದಂತೆ. ಗೋಡೆಯಿಂದ ಒಂದಡಿ ದೂರದಲ್ಲಿ ಆಡಿದ ಮಾತು ನಾಳೆ ಇದೇ ಹೊತ್ತಿಗೆ ಬರುತ್ತದೆ, ಐದಡಿಯಲ್ಲಿ ಆಡಿದ್ದು ಐದನೆಯ ದಿನ. ಒಮ್ಮೆ ಬಂದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಒಂದು ಅಂಗುಲಕ್ಕೆ ಎರಡು ಗಂಟೆ ಎಂಬ ಲೆಕ್ಕ ನಮ್ಮೂರ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಗೆ ಬಂದಿರುತ್ತದೆ. ಮಿಕ್ಕ ಮೂರು ಗೋಡೆಗಳು ಬರೀ ಗೋಡೆಗಳು, ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕುತ್ತೇವೆ.

ಇದರ ಜೊತೆ ಬಾಳುವುದು ಕಷ್ಟವೇನಲ್ಲ. ಗಂಡ ಹೆಂಡಿರು ಜಗಳ ಆಡುವುದಿದ್ದರೆ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗುತ್ತಾರೆ. ಬೈದದ್ದು ಅಲ್ಲಿಂದಲ್ಲಿಗೇ ತಿರುಗಿ ಬಂದು ಇಬ್ಬರಿಗೂ ಬಡಿದು ತೀರುತ್ತದೆ. ಚಾಡಿ ಹೇಳುವವರು ಅಂಗಳಕ್ಕೆ ಬರುತ್ತಾರೆ. ಮನೆಯೊಳಗೆ ಯಾರನ್ನಾದರೂ ಕರೆಯುವಾಗ ಬಲಗೈ ಎತ್ತುತ್ತೇವೆ, ಇದು ಈಗಿನ ಮಾತು, ಗೋಡೆಯದ್ದಲ್ಲ ಎಂದು ಎದುರಿನವರಿಗೆ ತಿಳಿಯಲಿ ಅಂತ. ಕೈ ಕಾಣದೆ ಬರೀ ದನಿ ಕೇಳಿದರೆ ಯಾರೂ ಎದ್ದು ಹೋಗುವುದಿಲ್ಲ. ಗೋಡೆಗೆ ಉತ್ತರ ಕೊಡುವುದಂತೂ ಇಲ್ಲವೇ ಇಲ್ಲ. ಕೊಟ್ಟವರನ್ನು ತಲೆ ಕೆಟ್ಟವರ ಸಾಲಿಗೆ ಸೇರಿಸುತ್ತಾರೆ.

ಮನೆಯಲ್ಲಿ ಯಾರಾದರೂ ಸತ್ತರೆ ಬಂಧುಗಳೆಲ್ಲ ಬಂದು ಗೋಡೆ ಕೂರುತ್ತಾರೆ. ಮನೆ ಎಷ್ಟಡಿಯೋ ಅಷ್ಟು ದಿನ. ಸತ್ತವರು ಎಲ್ಲೆಲ್ಲಿ ನಿಂತು ಏನೇನು ಆಡಿದ್ದರೋ ಅದೆಲ್ಲ ಬಂದು ತೀರಬೇಕಲ್ಲ. ಹತ್ತಿ ಗಿರಣಿಯ ಧಣಿ ಸತ್ತಾಗ ಅವರ ನಲವತ್ತಡಿ ಹಜಾರದಲ್ಲಿ ನಲವತ್ತು ದಿನ ಕೂತಿದ್ದರು. ಗಿರಣಿಯ ಹಿಂದಿನ ಸಾಲುಮನೆಗಳು ಐದಡಿಯವು. ಅಲ್ಲಿ ಯಾರೇ ಸಾಯಲಿ, ಐದು ದಿನಕ್ಕೆ ಪೂರಾ ಸತ್ತಿರುತ್ತಾರೆ.

ನನ್ನ ಗಂಡ ವಾಮನರಾಯರು ಆ ಗಿರಣಿಯಲ್ಲಿ ಟೈಂಕೀಪರ್. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ಎಷ್ಟು ಹೊತ್ತಿಗೆ ಹೊರಟರು ಎಂದು ಬರೆಯುವುದು ಅವರ ಕೆಲಸ. ಮನೆಯಲ್ಲೂ ಅದೇ ಚಾಳಿ. ಒಲೆಯ ಮೇಲಿಟ್ಟ ಎಸರು ಎಷ್ಟು ನಿಮಿಷಕ್ಕೆ ಕುದಿಯಿತು ಎಂದು ಕೇಳುವ ಗಂಡಸು. ಅವರಿಗಿದ್ದ ಇನ್ನೊಂದು ಹುಚ್ಚು ಹಾಡಿನದು. ಧಣಿಯ ಮಕ್ಕಳು ಬಂಗಲೆ ಖಾಲಿ ಮಾಡುವಾಗ ಯಾರಿಗೂ ಬೇಡವಾದ ಎರಡು ಸ್ಪೀಕರು ಮೂಲೆಯಲ್ಲಿ ಉಳಿದಿದ್ದವಂತೆ. ಇವರು ಬೇಡಿಕೊಂಡು, ಗೋಣಿತಾಟು ಸುತ್ತಿ, ಕೈಗಾಡಿಯ ಮೇಲೆ ಮನೆಗೆ ತಂದರು. ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಎಂದು ಅದರ ಹೆಸರನ್ನು ನನ್ನ ಬಾಯಲ್ಲಿ ನಾಲ್ಕು ಸಲ ಹೇಳಿಸಿದರು. ನಾನು ಪರದೆ ಎಂದೇ ಕರೆದೆ. ನೋಡುವುದಕ್ಕೆ ಹಾಗೇ ಇತ್ತು: ಆಳೆತ್ತರ, ಎರಡಡಿ ಅಗಲ, ದಪ್ಪ ಅಂದರೆ ಬಾಗಿಲ ಹಲಗೆಯಷ್ಟು. ತೂತು ತೂತಿನ ಎರಡು ಲೋಹದ ಹಾಳೆ, ಅವುಗಳ ನಡುವೆ ಈರುಳ್ಳಿಯ ಪೊರೆಯಂಥ ಒಂದು ಪೊರೆ. ಕರೆಂಟು ಕೊಟ್ಟರೆ ಆ ಪೊರೆ ನಡುಗಿ ಹಾಡುತ್ತದೆ.

ಇದನ್ನು ಎಲ್ಲಿಡುತ್ತೀರಿ, ನನ್ನ ತಲೆಯ ಮೇಲಾ ಎಂದು ಕೇಳಿದೆ. ತಮಾಷೆಗೆ ಕೇಳಿದ್ದಲ್ಲ. ನಡುಮನೆಯಲ್ಲಿ ಆಗಲೇ ಒಂದು ಬೀರು, ನನ್ನ ಹೊಲಿಗೆ ಮೆಷಿನ್ನು, ಎರಡು ಕುರ್ಚಿ, ಬಂದವರಿಗೊಂದು ಬೆಂಚು ಇದ್ದವು. ಇವೆಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮಂಚ ಇತ್ತು. ಅತ್ತೆ ತುಂಗಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಎದೆಯೂ ಅಷ್ಟಕ್ಕಷ್ಟೆ. ಒಳಕೋಣೆಯ ಬಾಗಿಲಲ್ಲಿ ಮಂಚ ಹಿಡಿಯುತ್ತಿರಲಿಲ್ಲ, ಹೀಗಾಗಿ ನಡುಮನೆಯಲ್ಲೇ, ತೆಂಕಣ ಕಿಟಕಿಯ ಕೆಳಗೆ ಹಾಕಿದ್ದೆವು. ದಿಂಬಿನಿಂದ ಪಡುಗೋಡೆಗೆ ಆರಡಿ. ಅಲ್ಲಿಂದ ಓಣಿ ಕಾಣುತ್ತಿತ್ತು. ಯಾರ ಮನೆಗೆ ಯಾರು ಹೋದರು ಎಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತಿತ್ತು.

ಇವರು ಒಂದು ವಾರ ರಟ್ಟಿನ ತುಂಡುಗಳನ್ನು ಕತ್ತರಿಸಿ ನೆಲದ ಮೇಲೆ ಅತ್ತ ಇತ್ತ ಸರಿಸಿದರು. ಪೆಟ್ಟಿಗೆ ಸ್ಪೀಕರಾಗಿದ್ದರೆ ಯಾವ ರಗಳೆಯೂ ಇರಲಿಲ್ಲ. ಅದರ ಸದ್ದು ಮುಂದಕ್ಕೆ ಮಾತ್ರ ಹೋಗುತ್ತದೆ, ಪಡುಗೋಡೆಗೆ ಬೆನ್ನು ಹಾಕಿಸಿ ಕೂರಿಸಿದರೆ ಗೋಡೆಗೆ ಸುದ್ದಿಯೇ ಮುಟ್ಟುವುದಿಲ್ಲ. ಪರದೆ ಹಾಗಲ್ಲ, ಎದುರಿಗೆ ಎಷ್ಟು ಹಾಡುತ್ತದೋ ಬೆನ್ನಿಗೂ ಅಷ್ಟೇ ಹಾಡುತ್ತದೆ. ಗೋಡೆಗೆ ಒತ್ತಿ ಇಟ್ಟರೆ ಬೆನ್ನಿನ ಹಾಡು ಆಗಲೇ ತಿರುಗಿ ಬಂದು ಎದುರಿನ ಹಾಡಿನ ಜೊತೆ ಕಲಸಿ ಗೊಜ್ಜಾಗುತ್ತದೆ. ಮೂರಡಿಯಾದರೂ ಬಿಡಬೇಕು ಎಂದರು. ಬಡಗಣ ಗೋಡೆಗೆ ಅಡುಗೆಮನೆಯ ಬಾಗಿಲು, ತೆಂಕಣ ಗೋಡೆಗೆ ಕಿಟಕಿ, ಮೂಡಣಕ್ಕೆ ಬೀದಿ ಬಾಗಿಲು. ಉಳಿದದ್ದು ಪಡುಗೋಡೆಯೊಂದೇ. ಪಡುಗೋಡೆಯಿಂದ ಮೂರಡಿಗೆ ಎರಡು ಪರದೆ, ಅಲ್ಲಿಂದ ಐದಡಿ ಮುಂದೆ ಕೇಳುವವರ ಕುರ್ಚಿ, ನಡುವಿನ ಐದಡಿಯಲ್ಲಿ ಒಂದು ಚೊಂಬು ಕೂಡ ಇರಬಾರದು. ಬೀರು ಒಳಕೋಣೆಗೆ ಹೋಯಿತು, ಹೊಲಿಗೆ ಮೆಷಿನ್ನು ಅಡುಗೆಮನೆಗೆ, ಬೆಂಚು ಅಂಗಳಕ್ಕೆ. ಮಂಚ ಹಿಡಿಯುವ ಜಾಗ ಒಂದೇ ಉಳಿದಿತ್ತು, ಪರದೆಗೂ ಗೋಡೆಗೂ ನಡುವಿನ ಆ ಮೂರಡಿ.

ನಾನು ಆಗುವುದಿಲ್ಲ ಎಂದೆ. ಮುದುಕಿಯನ್ನು ತೆಗೆದುಕೊಂಡು ಹೋಗಿ ಸಂದಿಗೆ ತುರುಕುತ್ತೀರಾ ಎಂದೆ. ಇವರು ತಾಯಿಯನ್ನೇ ಕೇಳಿದರು. ಮಗ ಬಾಯಿಬಿಟ್ಟು ಏನನ್ನೂ ಕೇಳುವವನಲ್ಲ, ಇದೊಂದನ್ನು ಕೇಳುತ್ತಿದ್ದಾನೆ ಎಂದು ಆಕೆಗೂ ಅನ್ನಿಸಿರಬೇಕು.

"ಹಾಕಪ್ಪ, ನಂಗೆ ಎಲ್ಲಾದ್ರೇನು. ಓಣಿಯಲ್ಲಿ ನೋಡೋ ಅಂಥದ್ದು ಏನೂ ಉಳಿದಿಲ್ಲ" ಎಂದರು.

ಮಂಚ ಗೋಡೆಗೆ ಸೇರಿತು. ದಿಂಬಿನಿಂದ ಗೋಡೆಗೆ ಈಗ ಒಂದೇ ಅಡಿ. ಇವರು ಸೀಮೆಸುಣ್ಣದಲ್ಲಿ ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಗುರುತು ಹಾಕಿದರು. ಆ ಕುರ್ಚಿಯಲ್ಲಿ ನೆಟ್ಟಗೆ ಕೂತರೆ ಬಾಯಿಂದ ಪಡುಗೋಡೆಗೆ ಸರಿಯಾಗಿ ಎಂಟಡಿ ಎಂದು ಅಳತೆಪಟ್ಟಿ ಹಿಡಿದು ತೋರಿಸಿದರು. ಆಮೇಲೆ ಒಂದು ವೇಳಾಪಟ್ಟಿಯನ್ನೂ ಬರೆದರು. ಬೆನ್ನಿನ ಹಾಡು ಮೂರನೆಯ ದಿನ ತಿರುಗಿ ಬರುತ್ತದಷ್ಟೆ. ಇವತ್ತು ಸಂಜೆ ಆರೂವರೆಗೆ ಹಾಕಿದ ರೆಕಾರ್ಡು ತಟ್ಟೆಯನ್ನೇ ಮೂರನೆಯ ದಿನವೂ ಆರೂವರೆಗೆ ಸರಿಯಾಗಿ ಹಾಕಿದರೆ ಗೋಡೆಯದ್ದೂ ಪರದೆಯದ್ದೂ ಒಂದರ ಮೇಲೊಂದು ಕೂತು, ಮನೆಯ ಗೋಡೆಯೇ ಹಿಂದಕ್ಕೆ ಸರಿದಂತೆ ಕೇಳುತ್ತದೆ. ಅರೆಗಳಿಗೆ ತಪ್ಪಿದರೂ ಕೆಟ್ಟಿತು. ಕೈಯಲ್ಲಿ ಗಡಿಯಾರ ಹಿಡಿದು ತಟ್ಟೆಯ ಮೇಲೆ ಮುಳ್ಳು ಇಳಿಸುತ್ತಿದ್ದ ಅವರನ್ನು ನೋಡಿ ನನಗೆ ನಗು ಬರುತ್ತಿತ್ತು. ಅತ್ತೆಯೂ ಹಿಂದಿನಿಂದ ಕೆಣಕುತ್ತಿದ್ದರು. "ನಿನ್ನ ಹಾಡೋ ಹೆಂಗಸು ನಂಗೆ ಬೆನ್ನು ಹಾಕ್ಕೊಂಡು ನಿಂತಿದಾಳೆ ಕಣೋ, ಈ ಕಡೆ ತಿರುಗೋಕ್ಕೆ ಹೇಳು" ಎನ್ನುತ್ತಿದ್ದರು.

ನಗುತ್ತಿದ್ದ ನಾನು ಅದೇ ಹಳ್ಳಕ್ಕೆ ಬಿದ್ದದ್ದು ಹೇಗೆ ಎಂದು ಹೇಳಬೇಕು. ಒಂದು ಮಧ್ಯಾಹ್ನ ಪರದೆಯ ಧೂಳು ಒರೆಸಿ, ದಣಿವಾಯಿತೆಂದು ಆ ಕುರ್ಚಿಯಲ್ಲಿ ಕೂತೆ. ಕೂತವಳು ಸುಮ್ಮನಿರಲಾರದೆ ಒಂದು ತಟ್ಟೆ ಹಾಕಿದೆ. ಯಾವಾಗಲೂ ಅಡುಗೆಮನೆಯಲ್ಲಿ ನಿಂತು ಕೇಳಿದವಳು ನಾನು, ಅಲ್ಲಿಗೆ ಅದು ಬರೀ ಸದ್ದು. ಕುರ್ಚಿಯಲ್ಲಿ ಕೂತಾಗ ಎರಡು ಪರದೆಯ ನಡುವೆ, ಏನೂ ಇಲ್ಲದ ಜಾಗದಲ್ಲಿ, ಒಬ್ಬ ಹೆಂಗಸು ಬಂದು ನಿಂತಳು. ಅವಳು ಉಸಿರು ಎಳೆದುಕೊಳ್ಳುವುದು, ತುಟಿ ಒದ್ದೆ ಮಾಡಿಕೊಳ್ಳುವುದು ಎಲ್ಲ ಕೇಳಿತು. ಒಂದು ಗೇಣು ಪಕ್ಕಕ್ಕೆ ಸರಿದರೆ ಅವಳು ಒಂದು ಪರದೆಯೊಳಗೆ ಹೋಗಿ ಸೇರುತ್ತಿದ್ದಳು, ಮತ್ತೆ ನಡುವಿಗೆ ಬಂದರೆ ಅವಳೂ ಬರುತ್ತಿದ್ದಳು. ಮದುವೆಯಾಗಿ ಹತ್ತೊಂಬತ್ತು ವರ್ಷ, ನನ್ನನ್ನು ಕರೆದವರೆಲ್ಲ ಏನಾದರೊಂದು ಕೆಲಸಕ್ಕೆ ಕರೆದವರು. ಈಕೆ ನನ್ನಿಂದ ಏನೂ ಕೇಳದೆ ನನ್ನೊಬ್ಬಳಿಗೇ ಹಾಡುತ್ತಿದ್ದಳು. ನನಗೆ ಅಳು ಬಂತು. ಎಷ್ಟು ಅತ್ತೆನೆಂದರೆ ಸೆರಗು ಹಿಂಡಬಹುದಿತ್ತು.

ಅಂದಿನಿಂದ ಮೂರು ಗಂಟೆ ನನ್ನ ಹೊತ್ತಾಯಿತು. ಇವರಿಗೆ ಹೇಳಲಿಲ್ಲ. ಬೇಡವೆಂದು ರಂಪ ಮಾಡಿದವಳು ಈಗ ಯಾವ ಮುಖದಲ್ಲಿ ಹೇಳಲಿ. ನನ್ನ ಹಾಡು ಮೂರನೆಯ ದಿನ ತಿರುಗಿ ಬರುವಾಗ ಇವರು ಗಿರಣಿಯಲ್ಲಿರುತ್ತಿದ್ದರು. ಗುರುವಾರ ಮಾತ್ರ ತಟ್ಟೆ ಮುಟ್ಟುತ್ತಿರಲಿಲ್ಲ, ಅದು ಭಾನುವಾರ ಬಂದು ನನ್ನನ್ನು ಹಿಡಿದುಕೊಟ್ಟೀತೆಂದು. ಅತ್ತೆಗೆ ಗೊತ್ತಿತ್ತು. ಅವರು ಯಾರಿಗೂ ಹೇಳಲಿಲ್ಲ.

ತೊಂದರೆ ಇದ್ದದ್ದು ಅವರು ಕರೆಯುವುದರಲ್ಲಿ. ಆರಡಿಯಲ್ಲಿ ಮಲಗಿದ್ದಾಗ ಅವರ ಮಾತು ಆರನೆಯ ದಿನ ಬರುತ್ತಿತ್ತು, ಯಾವಾಗಿನದೆಂದು ಯೋಚಿಸುವುದಕ್ಕೂ ಆಸ್ಪದವಿರಲಿಲ್ಲ, ತಿರುಗಿ ನೋಡಿದರೆ ಎತ್ತಿದ ಕೈ ಕಾಣುತ್ತಿತ್ತು. ಈಗ ಒಂದಡಿ. ಮಧ್ಯಾಹ್ನದ ನಿದ್ದೆ ಮುಗಿಸಿ ಮೂರಕ್ಕೆ ಅವರು ನೀರು ಕೇಳುವುದು ವಾಡಿಕೆ. ಹೀಗಾಗಿ ದಿನಾ ಮೂರಕ್ಕೆ ಒಂದೇ ಮೂಲೆಯಿಂದ ಎರಡು ಸಲ ಕೇಳುತ್ತಿತ್ತು, ಇವತ್ತಿನದೊಂದು, ನಿನ್ನೆಯದೊಂದು. ಕೈ ಎತ್ತಿದರೋ ಇಲ್ಲವೋ ಪರದೆಯ ಹಿಂದೆ ಯಾರಿಗೆ ಕಾಣಬೇಕು. ನಾನು ಎದ್ದು ಪರದೆ ಬಳಸಿ ಹೋಗಿ ಇಣುಕಿದರೆ ಎಷ್ಟೋ ಸಲ ಅವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿರುತ್ತಿದ್ದರು. ಹೋಗಿ ಹೋಗಿ ಸಾಕಾಯಿತು.

ಅವತ್ತು ಮಂಗಳವಾರ. ಸೋಮವಾರ ಮಧ್ಯಾಹ್ನ ಕರೆಂಟಿಲ್ಲದೆ ನನ್ನ ಹಾಡು ತಪ್ಪಿತ್ತು. ಮೂರು ಗಂಟೆ ದಾಟಿತ್ತು. ನಾಲ್ಕು ಹಾಡಿನ ತಟ್ಟೆ ಹಾಕಿ ಕುರ್ಚಿಯಲ್ಲಿ ಕೂತೆ. ಮೊದಲ ಹಾಡು ಅರ್ಧ ಆಗಿತ್ತು, ಹಿಂದಿನಿಂದ "ಕನಕಾ, ನೀರು" ಎಂದು ಕೇಳಿತು. ನಿನ್ನೆಯೂ ಇದೇ ಹೊತ್ತಿಗೆ ಕೇಳಿದ್ದರು, ಕೊಟ್ಟಿದ್ದೆ. ನಿನ್ನೆಯದು ಎಂದುಕೊಂಡೆ. ಇದು ಸುಳ್ಳಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿತು.

"ಕನಕಾ, ಎದೆ ಹಿಡ್ಕೊಂಡಿದೆ ಕಣೆ. ಎಬ್ಬಿಸಿ ಕೂರಿಸು."

ನಿನ್ನೆ ಅವರು ಹಾಗೆ ಹೇಳಿರಲಿಲ್ಲ. ನಿನ್ನೆ ನೀರು ಕುಡಿದು, ಲೋಟ ಕೊಟ್ಟು, ಬಾಯಿ ಒರೆಸಿಕೊಂಡು ಮಗ್ಗುಲಾಗಿದ್ದರು. ಇದು ಗೋಡೆಯ ಮಾತಲ್ಲ ಎಂದು ನನಗೆ ಗೊತ್ತಾಯಿತು. ಬಹುಶಃ, ಇರಬೇಕು ಎಂಬ ಮಾತೆಲ್ಲ ಬೇಡ, ಗೊತ್ತಾಯಿತು. ಎದೆ ಹಿಡಿದಿದೆ ಎಂದು ಅವರು ಹಿಂದೆಯೂ ಎಷ್ಟೋ ಸಲ ಹೇಳಿದ್ದುಂಟು. ಎಬ್ಬಿಸಿ ಕೂರಿಸಿದರೆ ಎರಡು ತೇಗು ತೇಗಿ ಮತ್ತೆ ಮಲಗಿಸು ಎನ್ನುತ್ತಿದ್ದರು. ಅವತ್ತೂ ಅಷ್ಟೇ ಎಂದುಕೊಂಡೆ. ನನ್ನೆದುರಿನ ಹೆಂಗಸು ಆಗಷ್ಟೇ ದನಿಯನ್ನು ಮೇಲಕ್ಕೆ ಒಯ್ಯುತ್ತಿದ್ದಳು.

"ಇರಿ ಅತ್ತೆ, ಈ ಹಾಡು ಮುಗೀಲಿ" ಎಂದೆ.

ಬಲಗಡೆಯ ಪರದೆಯಲ್ಲಿ ಚಟ್ ಚಟ್ ಎಂದು ಎರಡು ಸದ್ದಾಯಿತು. ಗಾಳಿಯಲ್ಲಿ ತೇವ ಹೆಚ್ಚಾದರೆ ಹಾಗಾಗುತ್ತದೆ ಎಂದು ಇವರು ಹೇಳಿದ್ದರು. ಆಮೇಲೆ ಆ ಪರದೆಯ ದನಿ ಮಂಕಾಗಿ, ಹಾಡುವ ಹೆಂಗಸು ಎಡಕ್ಕೆ ಸರಿದಳು. ನಾನು ಕುರ್ಚಿಯನ್ನು ನಾಲ್ಕು ಬೆರಳು ಬಲಕ್ಕೆ ಎಳೆದುಕೊಂಡೆ. ಅವಳು ಮತ್ತೆ ನಡುವಿಗೆ ಬಂದಳು. ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು. ಹಿಂದಿನಿಂದ ಮತ್ತೆ ದನಿ ಬರಲಿಲ್ಲ, ನಿದ್ದೆ ಹತ್ತಿತೇನೋ ಎಂದುಕೊಂಡೆ. ಕೊನೆಯ ಹಾಡೂ ಮುಗಿದು ಮುಳ್ಳು ಕಿರ್ ಕಿರ್ ಎಂದು ಸುತ್ತತೊಡಗಿದಾಗ ಎದ್ದು ನೀರು ತೆಗೆದುಕೊಂಡು ಹಿಂದಕ್ಕೆ ಹೋದೆ. ಅತ್ತೆಯ ಬಲಗೈ ಮೇಲೆತ್ತಿದ್ದು ಹಾಗೇ ಪರದೆಯ ಬೆನ್ನಿಗೆ ಆತುಕೊಂಡಿತ್ತು. ಕಣ್ಣು ತೆರೆದಿದ್ದವು. ಮುಟ್ಟಿದೆ, ಇನ್ನೂ ಬಿಸಿ ಇತ್ತು.

ಗಿರಣಿಗೆ ಹೇಳಿಕಳಿಸಿದೆ. ಇವರು ಓಡಿ ಬಂದರು. ಕರೆದಿದ್ದಳಾ ಎಂದು ಕೇಳಿದರು. ಕರೆದರು, ನಿನ್ನೆಯದು ಅಂದುಕೊಂಡೆ ಎಂದೆ. ನಮ್ಮೂರಿನಲ್ಲಿ ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಅಂಥ ತಪ್ಪು ಒಂದಲ್ಲ ಒಂದು ದಿನ ಎಲ್ಲರ ಮನೆಯಲ್ಲೂ ಆಗಿರುತ್ತದೆ, ಉಕ್ಕಿಹೋದ ಹಾಲಿಗೋ, ಬಾಗಿಲಲ್ಲಿ ನಿಂತು ವಾಪಸು ಹೋದ ನೆಂಟರಿಗೋ. ಇವರು ನನ್ನ ಬೆನ್ನು ಸವರಿ, ನೀನೇನು ಮಾಡುತ್ತೀ ಬಿಡು ಎಂದರು. ಕತ್ತಲಾಗುವುದರೊಳಗೆ ಸುಟ್ಟು ಬಂದರು.

ಮರುದಿನ ಗೋಡೆ ಕೂರಲು ಜನ ಬಂದರು. ಇವರ ಅಕ್ಕ ಭಾಮಕ್ಕ ಊರಿನ ಆಚೆ ತುದಿಯವರು, ತಾಯಿಯ ಮೇಲೆ ಜೀವವನ್ನೇ ಇಟ್ಟುಕೊಂಡವರು. ಪರದೆಗಳನ್ನು ಸರಿಸಿ ಚಾಪೆ ಹಾಸಿದೆವು. ಮೂರು ಗಂಟೆ ದಾಟಿದ ಮೇಲೆ ಗೋಡೆಯಿಂದ ಅತ್ತೆ ನೀರು ಕೇಳಿದರು. ಸ್ವಲ್ಪ ಹೊತ್ತಿಗೆ, ಎದೆ ಹಿಡಿದುಕೊಂಡಿದೆ, ಎಬ್ಬಿಸಿ ಕೂರಿಸು ಎಂದರು. ಆಮೇಲೆ ಉಸಿರು ಸಿಗದೆ ಒದ್ದಾಡುವ ಸದ್ದು, ಅದೂ ಹೆಚ್ಚು ಹೊತ್ತಲ್ಲ. ಕುರ್ಚಿಯಲ್ಲಿ ಕೂತಿದ್ದ ನನಗೆ ಅದು ಕೇಳಿಸಿರಲಿಲ್ಲ. ನಾನು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಅಳದವರು ಅಲ್ಲಿ ಯಾರೂ ಇರಲಿಲ್ಲ.

"ಇಷ್ಟೇನಾ? ಆರಡಿಯಲ್ಲಿ ಇದ್ದಿದ್ದರೆ ಆರು ದಿನ ಅಮ್ಮನ ಮಾತು ಕೇಳಬಹುದಿತ್ತು. ಒಂದಡಿಗೆ ತಂದು ಬಿಟ್ರಲ್ಲೋ, ಒಂದೇ ದಿನಕ್ಕೆ ಮುಗಿಸಿಬಿಟ್ರಲ್ಲೋ" ಎಂದು ಭಾಮಕ್ಕ ತಮ್ಮನ ಎದೆಗೆ ಗುದ್ದಿದರು.

ಇವರು ಗುದ್ದಿಸಿಕೊಂಡರು. ಆಮೇಲೆ ಭಾಮಕ್ಕ ನನ್ನ ಕಡೆ ತಿರುಗಿ, ಎದೆ ಹಿಡಿದಿದೆ ಅಂದರೂ ನಿನಗೆ ನಿನ್ನೆಯದು ಅನ್ನಿಸಿತಾ ಎಂದು ಕೇಳಿದರು. ದಿನಾ ಹಾಗೇ ಅನ್ನುತ್ತಿದ್ದರು ಎಂದೆ. ಸೋಮವಾರ ಅವರು ಆಡಿದ್ದು ಮಂಗಳವಾರವೇ ಬಂದು ತೀರಿತ್ತು, ನನ್ನ ಮಾತನ್ನು ಸುಳ್ಳು ಮಾಡಲು ಗೋಡೆಯಲ್ಲಿ ಏನೂ ಉಳಿದಿರಲಿಲ್ಲ. ಉಳಿದದ್ದು ನಾನು ಆಡಿದ್ದೊಂದೇ. ಮುಂದಿನ ಬುಧವಾರ, ಎಂಟನೆಯ ದಿನ.

ಇವರು ಊಟ ಬಿಟ್ಟರು. ತಪ್ಪು ನನ್ನದು, ನಾನೇ ಅವಳನ್ನು ಗೋಡೆಗೆ ಒತ್ತಿದೆ, ನೀನು ಬೇಡ ಅಂದಿದ್ದೆ, ನಾನು ಕೇಳಲಿಲ್ಲ ಎಂದು ಕಂಡಾಗಲೆಲ್ಲ ಹೇಳುತ್ತಿದ್ದರು. ಸಂಜೆ ಆರೂವರೆಗೆ ಅವರು ಹಿಂದೆ ಹಾಕಿದ್ದ ಹಾಡುಗಳು ಸೂತಕದ ಮನೆಯಲ್ಲಿ ಬರುತ್ತಿದ್ದವು, ಬಂದಾಗ ಕಿವಿಗೆ ಬೆರಳಿಟ್ಟುಕೊಂಡು ಅಂಗಳಕ್ಕೆ ಹೋಗುತ್ತಿದ್ದರು. ಸೋಮವಾರದ ಹಾಡು ಗುರುವಾರ ಬಂತು, ಅಲ್ಲಿಗೆ ಅವರದು ತೀರಿತು. ಎಲ್ಲರೂ ಉಸ್ಸೆಂದರು. ನಾನೊಬ್ಬಳು ಶುಕ್ರವಾರಕ್ಕೆ ಕಾದೆ.

ಶುಕ್ರವಾರ ಮೂರು ಗಂಟೆ ದಾಟಿದ ಮೇಲೆ ಗೋಡೆ ಹಾಡತೊಡಗಿತು. ಇದು ಯಾರು ಹಾಕಿದ್ದು ಎಂದು ಯಾರೋ ಕೇಳಿದರು.  ನಾಲ್ಕು ಹಾಡು, ಒಂದಾದ ಮೇಲೊಂದು, ಇಪ್ಪತ್ತೆರಡು ನಿಮಿಷ. ಕೊನೆಯ ಹಾಡಿನವರೆಗೂ ನಾವೆಲ್ಲ ಚಾಪೆಯ ಮೇಲೆ ಕೂತು ಕೇಳಿದೆವು, ಎದ್ದು ಹೋಗುವುದು ಗೋಡೆ ಕೂತವರಿಗೆ ಸಲ್ಲದು. ಇವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಹಿಂದೆಯೇ ಅಡುಗೆಮನೆಗೆ ಬಂದರು. ಬೈಯುತ್ತಾರೆಂದು ಗೋಡೆಯ ಕಡೆ ಹೆಜ್ಜೆ ಇಡಲು ಹೊರಟೆ. ಅವರು ತಡೆದರು.

"ನೀನೂ ಕೇಳ್ತಿದ್ಯಾ? ಒಂದು ಮಾತು ನಂಗೆ ಹೇಳಬಾರದಿತ್ತಾ ಕನಕಾ. ಇಬ್ಬರೂ ಕೇಳಬಹುದಿತ್ತಲ್ಲೇ" ಎಂದರು.

ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನನ್ನು ಕಂಡು ಅವರಿಗೆ ಸಂತೋಷವಾದಂತಿತ್ತು, ಅದೂ ಅಂಥ ದಿನ. ಹಾಡಿನ ನಡುವೆ ಯಾವುದು ಅಮ್ಮನದು, ಯಾವುದು ಗೋಡೆಯದು ಎಂದು ಯಾರಿಗೆ ತಿಳಿಯುತ್ತದೆ, ನನಗಾದರೂ ತಿಳಿಯುತ್ತಿರಲಿಲ್ಲ ಎಂದು ನನ್ನ ಪರವಾಗಿ ತಾವೇ ಹೇಳಿದರು. ಹೊರಗೆ ಹೋಗಿ ಭಾಮಕ್ಕನಿಗೂ ಹಾಗೇ ಹೇಳಿದರು. ಆ ಹೊತ್ತಿಗೆ ನಾನು ಹೇಳಿಬಿಡಬೇಕಿತ್ತು. ಅವರ ಮುಖದಲ್ಲಿದ್ದದ್ದನ್ನು ಕಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ಐದು ದಿನ ನಾನು ಮಾಡಿದ್ದು ಒಂದೇ ಲೆಕ್ಕ. ಎಂಟಡಿ ಎಂದರೆ ಬುಧವಾರ ಮಧ್ಯಾಹ್ನ ಮೂರೂ ಹತ್ತು. ಅದು ನೆಟ್ಟಗೆ ಕೂತಿದ್ದರೆ. ಎದ್ದು ಹೋಗೋಣವೆಂದು ಒಂದಿಷ್ಟಾದರೂ ಮುಂದಕ್ಕೆ ಬಾಗಿದ್ದೆನೋ ಏನೋ. ಐದು ಅಂಗುಲ ಬಾಗಿದ್ದರೂ ಹತ್ತು ಗಂಟೆ ಮೊದಲೇ, ಎಲ್ಲರೂ ಮಲಗಿರುವಾಗ, ಯಾರಿಗೂ ತಿಳಿಯದಂತೆ ಬಂದು ಹೋಗುತ್ತದೆ. ಬಾಗಿದ್ದೆ ಎಂದೇ ನನಗೆ ನಾನು ಹೇಳಿಕೊಂಡೆ. ಹೇಳಿಕೊಂಡು ಹೇಳಿಕೊಂಡು ಬಾಗಿದ ನೆನಪೂ ಬರತೊಡಗಿತು, ಸೊಂಟ ಎತ್ತಿದ್ದು, ಕುರ್ಚಿಯ ಕೈ ಹಿಡಿದದ್ದು. ಅಷ್ಟಿದ್ದರೂ ಗೋಡೆಗೆ ಕಂಬಳಿ ಹೊದಿಸಿದರೆ ಹೇಗೆ ಎಂದು ಯೋಚಿಸಿದೆ. ಸೂತಕದಲ್ಲಿ ಗೋಡೆ ಮುಚ್ಚುವುದೆಂದರೆ ಸತ್ತವರ ಬಾಯಿ ಮುಚ್ಚಿದಂತೆ. ಏಳನೆಯ ದಿನಕ್ಕೆ ಮುಗಿಸೋಣವೇ, ಜನಕ್ಕೂ ದಣಿವಾಗಿದೆ ಎಂದು ಭಾಮಕ್ಕನನ್ನು ಕೇಳಿನೋಡಿದೆ. ಹನ್ನೊಂದು ಅಡಿಗೆ ಹನ್ನೊಂದು ದಿನ ಎಂದರು, ಮುಖ ಕೂಡ ತಿರುಗಿಸಲಿಲ್ಲ.

ಬುಧವಾರ ಬಂತು. ಮೂರೂ ಹತ್ತಕ್ಕೆ ಕಣ್ಣು ಮುಚ್ಚಿ ಕೂತೆ. ಗೋಡೆ ಸುಮ್ಮನಿತ್ತು. ಮೂರೂವರೆ ಆಯಿತು, ನಾಲ್ಕಾಯಿತು. ಬೆಳಗಿನ ಜಾವವೇ ಬಂದು ಹೋಗಿದೆ ಎಂದು ನನಗೆ ಖಾತ್ರಿಯಾಯಿತು. ನಾನು ಎದ್ದೇಳಲು ಬಾಗಿದ್ದೆ, ನಾನು ಅಷ್ಟೊಂದು ಕೆಟ್ಟವಳಲ್ಲ ಎಂದು ಎದೆ ಹಗುರಾಯಿತು. ಒಲೆ ಹಚ್ಚಿ ಎಲ್ಲರಿಗೂ ಉಪ್ಪಿಟ್ಟು ಮಾಡಿದೆ. ಎಂಟು ದಿನದಲ್ಲಿ ಮೊದಲ ಸಲ ಇವರು ಎರಡನೆಯ ಸಲ ಬಡಿಸಿಕೊಂಡರು. ಅವರ ಎದುರು ಕೂತು ಅವರು ಉಣ್ಣುವುದನ್ನು ನೋಡಿದೆ. ಇನ್ನು ಮೇಲೆ ಸಂಜೆ ಹೊತ್ತು ಇಬ್ಬರೂ ಕುರ್ಚಿ ಹಂಚಿಕೊಂಡು ಹಾಡು ಕೇಳಬಹುದು, ಒಂದು ಹಾಡು ಅವರು, ಒಂದು ಹಾಡು ನಾನು ಎಂದೆಲ್ಲ ಮನಸ್ಸು ಎಲ್ಲಿಗೋ ಹೋಯಿತು.

ದೀಪ ಹಚ್ಚಿ ಎಲ್ಲರೂ ಚಾಪೆಯ ಮೇಲೆ ಸೇರಿದ್ದರು. ಭಾಮಕ್ಕ ತಾಯಿಯ ಹಳೆಯ ಸೀರೆಯೊಂದನ್ನು ಮಡಚುತ್ತಿದ್ದರು. ಆಗ ಗೋಡೆ ನನ್ನ ದನಿಯಲ್ಲಿ ಮಾತಾಡಿತು.

"ಇರಿ ಅತ್ತೆ, ಈ ಹಾಡು ಮುಗೀಲಿ."

ಅವಸರವಿಲ್ಲದ ದನಿ, ತುಸು ಬೇಸರದ್ದು. ನನಗೇ ಅದರ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಭಾಮಕ್ಕನ ಕೈಯಲ್ಲಿ ಸೀರೆ ಅರ್ಧ ಮಡಿಕೆಗೆ ನಿಂತಿತು. ಗೋಡೆಗೆ ಯಾರೂ ಉತ್ತರ ಕೊಡುವುದಿಲ್ಲ ಎಂಬುದು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು. ಉತ್ತರ ಕೊಟ್ಟವಳಿಗೆ ಅದು ಗೋಡೆಯಲ್ಲ ಎಂದು ತಿಳಿದಿತ್ತು ಅಂತಲೇ ಅರ್ಥ. ಇವರು ರೂಢಿಯಂತೆ ಗಡಿಯಾರ ನೋಡಿದರು. ಏಳೂ ಹತ್ತು. ಎಂಟಡಿಗಿಂತ ಎರಡು ಅಂಗುಲ ಹಿಂದೆ. ನಾನು ಮುಂದಕ್ಕೆ ಬಾಗಿರಲಿಲ್ಲ, ನೆಟ್ಟಗೂ ಕೂತಿರಲಿಲ್ಲ, ಹಿಂದಕ್ಕೆ ಆರಾಮಾಗಿ ಒರಗಿದ್ದೆ. ಈ ಲೆಕ್ಕ ಹಾಕಲು ಇವರಿಗೆ ಎಷ್ಟು ಹೊತ್ತು ಬೇಕು.

  ಬೈದರೆ, ಹೊಡೆದರೆ, ಮನೆ ಬಿಟ್ಟು ಹೋಗು ಎಂದರೆ ಒಪ್ಪಿಕೊಳ್ಳಲು ನಾನು ತಯಾರಾಗಿದ್ದೆ. ಇವರು ಗಡಿಯಾರದಿಂದ ಕಣ್ಣು ಕಿತ್ತು ನನ್ನನ್ನು ನೋಡಿದರು. ಗಿರಣಿಯಲ್ಲಿ ತಡವಾಗಿ ಬಂದವರನ್ನು ಕೇಳುವ ದನಿಯಲ್ಲೇ ಕೇಳಿದರು.

"ಆ ಹಾಡು ಮುಗಿದ ಮೇಲೆ ಇನ್ನೂ ಮೂರು ಹಾಡಿತ್ತಲ್ವಾ?"

ಹೌದು, ಮೂರಿತ್ತು ಎಂದೆ.